ಕುಲಾಂತರಿ ಮರಗಳು: ನೆಟ್ಟರೆ ಲಾಭವೇನು, ತೊಡಕೇನು?

2021ರ ಜೂನ್‌ನಲ್ಲಿ ಅಸ್ಸಾಂನ ಗುವಾಹಟಿ ಬಳಿಯ ಸರುತಾರಿಯಲ್ಲಿ, ರಬ್ಬರ್ ಮಂಡಳಿಯ ತೋಟದಲ್ಲಿ ಹೊಸ ರಬ್ಬರ್ ಸಸಿಗಳನ್ನು ನೆಡಲಾಯಿತು. ಸುಳ್ಯ, ಪುತ್ತೂರು, ಬೆಳ್ತಂಗಡಿಯ ಗುಡ್ಡಗಳಲ್ಲಿ ಕಾಣುವ ಸಸಿಗಳಿಗೂ ಅವಕ್ಕೂ ನೋಟದಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಅವುಗಳ ಜೀವಕೋಶದೊಳಗಿನ ಒಂದು ವಂಶವಾಹಿಯ ಹೆಚ್ಚುವರಿ ಪ್ರತಿಗಳನ್ನು ಪ್ರಯೋಗಾಲಯದಲ್ಲಿ ಸೇರಿಸಲಾಗಿತ್ತು. ಕುಲಾಂತರಿ ರಬ್ಬರ್ ಸಸಿ ಹೊಲದ ಮಣ್ಣಿಗಿಳಿದದ್ದು ಜಗತ್ತಿನಲ್ಲೇ ಅದು ಮೊದಲು ಎಂದು ಮಂಡಳಿ ಹೇಳಿತು.

ಕುಲಾಂತರಿ ಎಂದೊಡನೆ ನಮಗೆ ನೆನಪಾಗುವುದು ಬಿಟಿ ಹತ್ತಿ, ಬಿಟಿ ಬದನೆ. ಮರಗಳ ವಿಷಯ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಈಗ ಹವಾಮಾನ ಬದಲಾವಣೆ ತಡೆಯಲು ಕೋಟಿಗಟ್ಟಲೆ ಮರ ನೆಡುವ ಮಾತು ಎಲ್ಲ ದೇಶಗಳಲ್ಲೂ ಕೇಳಿಬರುತ್ತಿದೆ. ಹೊಸ ರೋಗ, ಹೊಸ ಕೀಟಗಳಿಗೆ ಕಾಡುಗಳು ಬಲಿಯಾಗುತ್ತಿವೆ. ಬೇಗ ಬೆಳೆಯುವ, ರೋಗ ತಾಳುವ, ಹೆಚ್ಚು ಇಂಗಾಲ ಹೀರುವ ಮರವನ್ನು ಪ್ರಯೋಗಾಲಯದಲ್ಲೇ ರೂಪಿಸಬಹುದು ಎನ್ನುವವರಿದ್ದಾರೆ. ಒಮ್ಮೆ ಕಾಡಿಗೆ ಬಿಟ್ಟರೆ ಅದನ್ನು ಹಿಂದಕ್ಕೆ ಕರೆಯಲಾಗದು ಎಂದು ಎಚ್ಚರಿಸುವವರೂ ಇದ್ದಾರೆ. ಎರಡೂ ಮಾತಿನಲ್ಲಿ ಹುರುಳಿದೆ. ಯಾವ ಮರ, ಯಾವ ವಂಶವಾಹಿ, ಯಾವ ನೆಲ, ಯಾವ ಉದ್ದೇಶ ಎಂದು ಬಿಡಿಸಿ ನೋಡಿದರೆ ಮಾತ್ರ ಎಲ್ಲಿ ಲಾಭ, ಎಲ್ಲಿ ತೊಡಕು ಎಂಬುದು ಕಾಣಿಸುತ್ತದೆ.

ಕುಲಾಂತರಿ ಎಂದರೆ ಏನು?

ಪ್ರತಿ ಜೀವಕೋಶದಲ್ಲೂ ಡಿಎನ್‌ಎ ಎಂಬ ಉದ್ದನೆಯ ಅಣು ಇರುತ್ತದೆ. ಅದರಲ್ಲಿ ಒಂದು ನಿರ್ದಿಷ್ಟ ಕೆಲಸದ ಸೂಚನೆ ಹೊತ್ತಿರುವ ತುಣುಕೇ ವಂಶವಾಹಿ. ಎಲೆಯ ಆಕಾರ, ಕಾಯಿಯ ರುಚಿ, ರೋಗ ತಡೆಯುವ ಶಕ್ತಿ ಎಲ್ಲದರ ಹಿಂದೆಯೂ ಇಂಥ ವಂಶವಾಹಿಗಳ ಪಾತ್ರವಿದೆ. ಬೇರೆ ಜೀವಿಯಿಂದಲೋ ಅದೇ ಜಾತಿಯಿಂದಲೋ ತೆಗೆದ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ಗಿಡದ ಡಿಎನ್‌ಎಗೆ ಸೇರಿಸಿದರೆ ಅದು ಕುಲಾಂತರಿ ಗಿಡವಾಗುತ್ತದೆ.

ಸೇರಿಸುವ ಕೆಲಸಕ್ಕೆ ಸಾಮಾನ್ಯವಾಗಿ ಎರಡು ದಾರಿಗಳಿವೆ. ಮಣ್ಣಿನಲ್ಲಿರುವ ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯ ಒಂದು ಭಾಗವನ್ನು ಗಿಡದೊಳಗೆ ತೂರಿಸಿ ಗಂಟು ಬರಿಸುತ್ತದೆ. ವಿಜ್ಞಾನಿಗಳು ಗಂಟಿನ ಭಾಗ ತೆಗೆದು ಆ ಜಾಗದಲ್ಲಿ ತಮಗೆ ಬೇಕಾದ ವಂಶವಾಹಿಯನ್ನು ಇಟ್ಟು ಅದೇ ಬ್ಯಾಕ್ಟೀರಿಯಾದ ಮೂಲಕ ಸಾಗಿಸುತ್ತಾರೆ. ಇನ್ನೊಂದು ದಾರಿಯಲ್ಲಿ ವಂಶವಾಹಿಯನ್ನು ಅತಿ ಸಣ್ಣ ಲೋಹದ ಕಣಗಳಿಗೆ ಲೇಪಿಸಿ ಜೀವಕೋಶದೊಳಗೆ ಸಿಡಿಸುತ್ತಾರೆ. ಹಾಗೆ ಬದಲಾದ ಒಂದೇ ಒಂದು ಜೀವಕೋಶದಿಂದ ಇಡೀ ಸಸಿಯನ್ನು ಬೆಳೆಸಬೇಕು. ಇದು ಹೇಳಿದಷ್ಟು ಸುಲಭವಲ್ಲ. ಹೊಸ ವಂಶವಾಹಿ ಡಿಎನ್‌ಎಯ ಯಾವ ಜಾಗದಲ್ಲಿ ಹೋಗಿ ಕೂರುತ್ತದೆ ಎಂಬುದು ಈ ಎರಡು ದಾರಿಗಳಲ್ಲೂ ವಿಜ್ಞಾನಿಯ ಹಿಡಿತದಲ್ಲಿ ಇರುವುದಿಲ್ಲ. ಈ ಮಾತು ಮುಂದೆ ಮುಖ್ಯವಾಗುತ್ತದೆ.

ಕಸಿ ಮಾಡಿದ ಮಾವು ಕುಲಾಂತರಿಯಲ್ಲ. ಎರಡು ತಳಿಗಳ ಪರಾಗ ಕೂಡಿಸಿ ಪಡೆದ ಹೈಬ್ರಿಡ್ ಕುಲಾಂತರಿಯಲ್ಲ. ಟಿಶ್ಯೂ ಕಲ್ಚರ್ ಬಾಳೆಯೂ ಅಲ್ಲ. ಅದು ಒಂದೇ ತಾಯಿಗಿಡದ ನಕಲುಗಳನ್ನು ಗಾಜಿನ ಬಾಟಲಿಯಲ್ಲಿ ಬೆಳೆಸುವ ವಿಧಾನ ಅಷ್ಟೇ.

ಹತ್ತಿಗಿಡದ ಲೆಕ್ಕ ಮರಕ್ಕೆ ಏಕೆ ಹೊಂದುವುದಿಲ್ಲ?

ಹತ್ತಿ ಒಂದು ಹಂಗಾಮಿನ ಬೆಳೆ. ಬಿತ್ತಿ, ಬಿಡಿಸಿ, ಕಿತ್ತು ಹಾಕಿದರೆ ಮುಗಿಯಿತು. ತಳಿ ಸರಿಬರಲಿಲ್ಲವೆಂದರೆ ಮುಂದಿನ ವರ್ಷ ಬೇರೆ ಬೀಜ ತರಬಹುದು. ಮರ ಹಲವು ದಶಕ, ಕೆಲವೊಮ್ಮೆ ಶತಮಾನಗಳ ಕಾಲ ನಿಲ್ಲುತ್ತದೆ. ಅಷ್ಟರಲ್ಲಿ ಬರಗಾಲ, ಅತಿವೃಷ್ಟಿ, ಹೊಸ ಕೀಟ, ಹೊಸ ರೋಗ ಎಲ್ಲವನ್ನೂ ಅದು ಕಾಣುತ್ತದೆ. ಪ್ರಯೋಗಾಲಯದಲ್ಲಿ ಎರಡು ವರ್ಷದ ಸಸಿ ತೋರಿಸಿದ ಗುಣವನ್ನೇ ಇಪ್ಪತ್ತು ವರ್ಷದ ಮರವೂ ತೋರಿಸುತ್ತದೆ ಎಂಬ ಖಾತರಿ ಯಾರಿಗೂ ಇಲ್ಲ.

ಎರಡನೆಯದು ಪಳಗಿಸುವಿಕೆ. ಭತ್ತ, ಜೋಳ, ಹತ್ತಿ ಸಾವಿರಾರು ವರ್ಷಗಳಿಂದ ಮನುಷ್ಯರ ಕೈಯಲ್ಲಿ ಬೆಳೆದವು. ಉತ್ತು ಬಿತ್ತುವವರಿಲ್ಲದಿದ್ದರೆ ಅವು ಹೆಚ್ಚು ದಿನ ಉಳಿಯುವುದಿಲ್ಲ. ಕಾಡಿನ ಮರಗಳು ಹಾಗಲ್ಲ. ಯಾರ ನೆರವೂ ಇಲ್ಲದೆ ಹೂಬಿಟ್ಟು ಬೀಜ ಚೆಲ್ಲಿ ಹರಡುವುದು ಅವುಗಳ ಸ್ವಭಾವ.

ಮೂರನೆಯದು ದೂರ. ಅಮೆರಿಕದ ಲಾಬ್ಲಾಲಿ ಪೈನ್ ಮರದ ಪರಾಗ 41 ಕಿಲೋಮೀಟರ್ ದೂರ ಗಾಳಿಯಲ್ಲಿ ತೇಲಿ ಹೋದ ಮೇಲೂ ಮೊಳೆಯುವ ಶಕ್ತಿ ಉಳಿಸಿಕೊಂಡಿದ್ದುದನ್ನು ಸಂಶೋಧಕರು ದಾಖಲಿಸಿದ್ದಾರೆ. ಹೊಲದ ಬದುವಿನಲ್ಲಿ ಹತ್ತಾರು ಮೀಟರ್ ಅಂತರ ಬಿಟ್ಟು ತಳಿಶುದ್ಧತೆ ಕಾಪಾಡುವ ಕ್ರಮ ಇಂಥ ಮರಗಳಿಗೆ ಸಾಲದು.

ಒಂದು ಮರದ ಕಥೆ: ಅಮೆರಿಕನ್ ಚೆಸ್ಟ್‌ನಟ್

ಲಾಭ, ತೊಡಕು ಎರಡನ್ನೂ ಒಂದೇ ಕಡೆ ನೋಡಬೇಕೆಂದರೆ ಚೆಸ್ಟ್‌ನಟ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಅಮೆರಿಕದ ಪೂರ್ವಭಾಗದ ಅಪಲೇಚಿಯನ್ ಬೆಟ್ಟಸಾಲಿನಲ್ಲಿ ಒಂದು ಕಾಲಕ್ಕೆ ಈ ಮರ ಎಷ್ಟು ದಟ್ಟವಾಗಿತ್ತೆಂದರೆ, ಕೆಲವು ಕಡೆ ಕಾಡಿನ ಪ್ರತಿ ನಾಲ್ಕು ಮರಗಳಲ್ಲಿ ಒಂದು ಚೆಸ್ಟ್‌ನಟ್ ಆಗಿರುತ್ತಿತ್ತು. ತಡವಾಗಿ, ಬೇಸಿಗೆಯಲ್ಲಿ ಹೂಬಿಡುವುದರಿಂದ ವಸಂತದ ಹಿಮಕ್ಕೆ ಹೂ ಉದುರುತ್ತಿರಲಿಲ್ಲ. ಹಾಗಾಗಿ ವರ್ಷ ತಪ್ಪದೆ ಕಾಯಿ ಬಿಡುತ್ತಿತ್ತು. ಕರಡಿ, ಜಿಂಕೆ, ಹಕ್ಕಿಗಳಿಗೂ, ಬೆಟ್ಟದ ಬಡ ಕುಟುಂಬಗಳಿಗೂ, ಅವರು ಸಾಕಿದ ಹಂದಿಗಳಿಗೂ ಅದೇ ಆಹಾರ. ಸುಲಭವಾಗಿ ಕೊಳೆಯದ ಅದರ ಮರದಿಂದ ಬೇಲಿಯ ಗೂಟ, ಮನೆಯ ತೊಲೆ, ರೈಲುಹಳಿಯ ಅಡಿಮರ ಎಲ್ಲವನ್ನೂ ಮಾಡುತ್ತಿದ್ದರು.

1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಚೆಸ್ಟ್‌ನಟ್ ಮರಗಳು ಒಣಗುತ್ತಿರುವುದು ಕಣ್ಣಿಗೆ ಬಿತ್ತು. ಏಷ್ಯಾದಿಂದ ತರಿಸಿದ ಚೆಸ್ಟ್‌ನಟ್ ಸಸಿಗಳ ಜೊತೆ ಬಂದ ಶಿಲೀಂಧ್ರವೊಂದು ಅದಕ್ಕೆ ಕಾರಣ. ತೊಗಟೆಯ ಬಿರುಕಿನಿಂದ ಒಳಹೊಕ್ಕು ಅದು ಆಕ್ಸಾಲಿಕ್ ಆಮ್ಲ ಸುರಿಸುತ್ತದೆ. ಆಮ್ಲ ತಾಗಿದ ಜೀವಕೋಶಗಳು ಸಾಯುತ್ತವೆ. ಹುಣ್ಣು ಕಾಂಡವನ್ನು ಸುತ್ತುವರಿದಾಗ ಮೇಲಿನ ಭಾಗಕ್ಕೆ ನೀರು, ಆಹಾರ ನಿಂತು ಮರ ಒಣಗುತ್ತದೆ. ಸುಮಾರು ಐವತ್ತು ವರ್ಷಗಳಲ್ಲಿ 300 ಕೋಟಿಗೂ ಹೆಚ್ಚು ಮರಗಳು ಸತ್ತವು ಎಂಬ ಅಂದಾಜಿದೆ. ಬೇರಿಗೆ ಈ ಶಿಲೀಂಧ್ರ ತಟ್ಟುವುದಿಲ್ಲವಾದ್ದರಿಂದ ಬೊಡ್ಡೆಯಿಂದ ಈಗಲೂ ಚಿಗುರು ಏಳುತ್ತದೆ. ನಾಲ್ಕಾರು ವರ್ಷ ಬೆಳೆದು, ಹೂಬಿಡುವ ಹೊತ್ತಿಗೆ ಮತ್ತೆ ರೋಗ ತಗುಲಿ ಸಾಯುತ್ತದೆ. ಜಾತಿ ಅಳಿದಿಲ್ಲ, ಆದರೆ ಕಾಡಿನಲ್ಲಿ ಅದರ ಬದುಕು ನಿಂತುಹೋಗಿದೆ.

ಚೀನಾದ ಚೆಸ್ಟ್‌ನಟ್‌ಗೆ ಈ ರೋಗ ತಾಳುವ ಶಕ್ತಿ ಸಹಜವಾಗಿಯೇ ಇದೆ. 1983ರಲ್ಲಿ ಸ್ಥಾಪನೆಯಾದ ಅಮೆರಿಕನ್ ಚೆಸ್ಟ್‌ನಟ್ ಪ್ರತಿಷ್ಠಾನ ಎರಡೂ ಜಾತಿಗಳನ್ನು ಕೂಡಿಸಿ, ಬಂದ ಸಂತತಿಯನ್ನು ಪದೇ ಪದೇ ಅಮೆರಿಕದ ಮರದೊಂದಿಗೆ ಕೂಡಿಸುತ್ತಾ ಹೋಯಿತು. ಮರ ಅಮೆರಿಕದ್ದೇ ಆಗಿರಬೇಕು, ರೋಗ ತಾಳುವ ಗುಣವೊಂದು ಮಾತ್ರ ಚೀನಾದ್ದಿರಬೇಕು ಎಂಬುದು ಆಸೆ. ಆದರೆ ಆ ಗುಣ ಒಂದೆರಡು ವಂಶವಾಹಿಗಳಲ್ಲಿ ಇರಲಿಲ್ಲ, ಹಲವಾರು ಕಡೆ ಹಂಚಿಹೋಗಿತ್ತು. ಸಾರಿನ ಹುಳಿ ತಗ್ಗಿಸಲು ನೀರು ಬೆರೆಸಿದರೆ ಉಪ್ಪು, ಖಾರವೂ ತೆಳ್ಳಗಾಗುವಂತೆ, ಚೀನಾ ಮರದ ಅಂಶ ಕಡಿಮೆಯಾದಷ್ಟೂ ರೋಗ ತಾಳುವ ಶಕ್ತಿಯೂ ಕಡಿಮೆಯಾಯಿತು.

ಇನ್ನೊಂದೆಡೆ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿರುವ ಪರಿಸರ ವಿಜ್ಞಾನ ಮತ್ತು ಅರಣ್ಯ ಕಾಲೇಜಿನಲ್ಲಿ ವಿಲಿಯಂ ಪವೆಲ್, ಚಾರ್ಲ್ಸ್ ಮೇನಾರ್ಡ್ ಎಂಬ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಗೋಧಿಯಲ್ಲಿ ಆಕ್ಸಾಲಿಕ್ ಆಮ್ಲವನ್ನು ಒಡೆಯುವ ಕಿಣ್ವ ತಯಾರಿಸುವ ವಂಶವಾಹಿ ಇದೆ. ಅದನ್ನು ಚೆಸ್ಟ್‌ನಟ್‌ಗೆ ಸೇರಿಸಿದರು. ಈ ವಿಧಾನದಲ್ಲಿ ಒಂದು ಜಾಣ್ಮೆಯಿದೆ: ಮರ ಶಿಲೀಂಧ್ರವನ್ನು ಕೊಲ್ಲುವುದಿಲ್ಲ, ಅದರ ಆಮ್ಲವನ್ನಷ್ಟೇ ನಿಷ್ಕ್ರಿಯಗೊಳಿಸುತ್ತದೆ. ಶಿಲೀಂಧ್ರ ತೊಗಟೆಯ ಮೇಲೆ ಬದುಕಿಕೊಂಡಿರಬಹುದು. ಸಾವು ಬದುಕಿನ ಪ್ರಶ್ನೆಯಲ್ಲವಾದ್ದರಿಂದ ಅದು ಹೊಸ ಅಸ್ತ್ರ ಕಂಡುಕೊಳ್ಳುವ ಒತ್ತಡವೂ ಕಡಿಮೆ. ಈ ಮರದ ಪರಾಗ ತಿಂದ ದುಂಬಿಜೇನುಗಳು, ಇದರ ಎಲೆಗಸದ ನಡುವೆ ಬೆಳೆದ ಕಪ್ಪೆಯ ಗೊದಮೊಟ್ಟೆಗಳು, ಬೇರಿನ ಶಿಲೀಂಧ್ರಗಳು ಇವೆಲ್ಲವನ್ನೂ ಪರೀಕ್ಷಿಸಿ, ಗಮನಾರ್ಹ ಹಾನಿ ಕಾಣಲಿಲ್ಲ ಎಂದು ವರದಿ ಮಾಡಿದರು. ಕುಲಾಂತರಿ ಮರದ ಪರಾಗವನ್ನು ಉಳಿದಿರುವ ಕಾಡುಮರಗಳಿಗೆ ಹಾಕಿದರೆ ಸಂತತಿಯಲ್ಲಿ ಅರ್ಧದಷ್ಟು ಸಸಿಗಳಿಗೆ ಆ ವಂಶವಾಹಿ ಬರುತ್ತದೆ. ಜೊತೆಗೆ ಊರೂರಿನ ಕಾಡುಮರಗಳ ವೈವಿಧ್ಯವೂ ಉಳಿಯುತ್ತದೆ. 2020ರಲ್ಲಿ, ‘ಡಾರ್ಲಿಂಗ್ 58’ ಎಂಬ ಹೆಸರಿನ ಈ ಮರವನ್ನು ಯಾವ ನಿರ್ಬಂಧವೂ ಇಲ್ಲದೆ ನೆಡಲು ಒಪ್ಪಿಗೆ ಕೊಡಿ ಎಂದು ಕಾಲೇಜು ಅಮೆರಿಕ ಸರ್ಕಾರದ ಮುಂದೆ ಅರ್ಜಿ ಇಟ್ಟಿತು.

2023ರ ಡಿಸೆಂಬರ್‌ನಲ್ಲಿ ಅದೇ ಚೆಸ್ಟ್‌ನಟ್ ಪ್ರತಿಷ್ಠಾನ ಈ ಅರ್ಜಿಗೆ ಕೊಟ್ಟಿದ್ದ ಬೆಂಬಲವನ್ನು ಹಿಂದಕ್ಕೆ ಪಡೆಯಿತು. ಕಾರಣ ಎರಡು. ಪರೀಕ್ಷೆಗೆ ಒಳಪಟ್ಟ ಮರಗಳು ‘ಡಾರ್ಲಿಂಗ್ 58’ ಆಗಿರಲೇ ಇಲ್ಲ. ಹಲವು ವರ್ಷಗಳ ಹಿಂದೆ ಗುರುತು ಅದಲುಬದಲಾಗಿ ‘ಡಾರ್ಲಿಂಗ್ 54’ ಎಂಬ ಇನ್ನೊಂದು ಸಾಲಿನ (ಅಂದರೆ ಬದಲಾದ ಬೇರೊಂದು ಜೀವಕೋಶದಿಂದ ಬೆಳೆದ ಮರಗಳ) ಪರಾಗ ಬಳಕೆಯಾಗಿತ್ತು. ಆ ಸಾಲಿನಲ್ಲಿ ಗೋಧಿಯ ವಂಶವಾಹಿ ಚೆಸ್ಟ್‌ನಟ್‌ನ ಸ್ವಂತ ವಂಶವಾಹಿಯೊಂದರ ನಡುವೆ ಹೋಗಿ ಕೂತು, ಅದರ ಒಂದು ತುಣುಕನ್ನೂ ಅಳಿಸಿಹಾಕಿತ್ತು. ಎರಡನೆಯದಾಗಿ, ಹೊರಗಿನ ತೋಟಗಳಲ್ಲಿ ಈ ಮರಗಳ ಬೆಳವಣಿಗೆ ಕುಂಠಿತವಾಗಿದೆ, ರೋಗ ತಾಳುವ ಶಕ್ತಿ ಮರದಿಂದ ಮರಕ್ಕೆ ಏರುಪೇರಾಗಿದೆ ಎಂದು ಪ್ರತಿಷ್ಠಾನ ಹೇಳಿತು. ಹಗಲಿರುಳು, ಬೇರಿನಿಂದ ತುದಿಯವರೆಗೆ, ಅಗತ್ಯವಿರಲಿ ಇಲ್ಲದಿರಲಿ ಆ ಕಿಣ್ವವನ್ನು ತಯಾರಿಸುತ್ತಲೇ ಇರುವುದು ಮರಕ್ಕೆ ಹೊರೆಯಾಗಿರಬಹುದು ಎಂಬ ವಿವರಣೆಯೂ ಬಂತು. ಕಾಲೇಜು ಇದನ್ನು ಒಪ್ಪಲಿಲ್ಲ. ಗುರುತು ತಪ್ಪಿದ್ದು ನಿಜ, ಆದರೂ ಮರ ಪ್ರಯೋಜನಕಾರಿ, ಅರ್ಜಿ ಮುಂದುವರಿಯುತ್ತದೆ ಎಂದಿತು. ತೊಗಟೆಗೆ ಗಾಯವಾದಾಗ ಮಾತ್ರ ಕೆಲಸ ಶುರುಮಾಡುವಂತೆ ವಂಶವಾಹಿಯನ್ನು ಜೋಡಿಸಿದ ಹೊಸ ಸಾಲುಗಳ ಮೇಲೂ ಪ್ರಯೋಗ ನಡೆದಿದೆ.

ಈ ಪ್ರಕರಣ ನನಗೆ ಬಹಳ ಮುಖ್ಯವೆನಿಸುತ್ತದೆ. ಇಲ್ಲಿ ಲಾಭಕೋರ ಕಂಪನಿಯಿರಲಿಲ್ಲ, ಬೀಜದ ಪೇಟೆಂಟಿನ ಜಗಳವಿರಲಿಲ್ಲ. ಸತ್ತುಹೋದ ಕಾಡನ್ನು ಮರಳಿ ತರಲು ಮೂವತ್ತು ವರ್ಷ ದುಡಿದ ಪ್ರಾಮಾಣಿಕ ವಿಜ್ಞಾನಿಗಳಿದ್ದರು. ಅಷ್ಟಾದರೂ ತಪ್ಪು ಬೆಳಕಿಗೆ ಬರಲು ವರ್ಷಗಳೇ ಬೇಕಾದವು. ಮರಗಳು ಬೇಲಿಯೊಳಗಿನ ಪ್ರಯೋಗ ತೋಟಗಳಲ್ಲಿ ಇದ್ದದ್ದರಿಂದ ನಿಂತು ಯೋಚಿಸಲು ಅವಕಾಶ ಉಳಿಯಿತು.

ಲಾಭ ಕಣ್ಣಿಗೆ ಕಂಡಿರುವುದು ಎಲ್ಲಿ?

ಹವಾಯಿಯ ಪಪ್ಪಾಯದಲ್ಲಿ. ಸಸ್ಯವಿಜ್ಞಾನದ ಪ್ರಕಾರ ಪಪ್ಪಾಯ ಪೂರ್ಣ ಅರ್ಥದ ಮರವಲ್ಲ, ಆದರೆ ವರ್ಷಗಳ ಕಾಲ ತೋಟದಲ್ಲಿ ನಿಲ್ಲುವ ಹಣ್ಣಿನ ಗಿಡ. ನಮ್ಮ ಪಪ್ಪಾಯ ಬೆಳೆಗಾರರಿಗೂ ಚಿರಪರಿಚಿತವಾದ ಉಂಗುರ ಚುಕ್ಕೆ ವೈರಸ್ ರೋಗ 1992ರಲ್ಲಿ ಹವಾಯಿಯ ಪ್ರಮುಖ ಪಪ್ಪಾಯ ಪ್ರದೇಶವಾದ ಪುನಾಗೆ ಕಾಲಿಟ್ಟಿತು. ಕೆಲವೇ ವರ್ಷಗಳಲ್ಲಿ ಇಳುವರಿ ಸುಮಾರು ಅರ್ಧಕ್ಕೆ ಕುಸಿಯಿತು. ಹವಾಯಿಯವರೇ ಆದ ಡೆನಿಸ್ ಗೊನ್ಸಾಲ್ವಿಸ್ ಎಂಬ ವಿಜ್ಞಾನಿಯ ತಂಡ, ವೈರಸ್ಸಿನ ಹೊರಕವಚದ ಒಂದು ವಂಶವಾಹಿಯನ್ನು ಪಪ್ಪಾಯಕ್ಕೆ ಸೇರಿಸಿ ರೋಗ ತಡೆಯುವ ಗಿಡಗಳನ್ನು ರೂಪಿಸಿತ್ತು. 1998ರಲ್ಲಿ ‘ರೇನ್‌ಬೋ’ ಮತ್ತು ‘ಸನ್‌ಅಪ್’ ತಳಿಗಳ ಬೀಜ ಬೆಳೆಗಾರರ ಕೈಸೇರಿತು. ಮುಳುಗುತ್ತಿದ್ದ ಕೃಷಿ ಉಳಿಯಿತು.

ಇದರ ಬೆಲೆ ಮಾರುಕಟ್ಟೆಯಲ್ಲಿ ಕಟ್ಟಬೇಕಾಯಿತು. ಹವಾಯಿಯ ದೊಡ್ಡ ಗಿರಾಕಿಯಾದ ಜಪಾನ್ ಈ ಹಣ್ಣಿಗೆ ಬಾಗಿಲು ತೆರೆದದ್ದು 2011ರ ಕೊನೆಯಲ್ಲಿ. ಕುಲಾಂತರಿಯಲ್ಲದ ಪಪ್ಪಾಯ ಬೆಳೆದು ಜಪಾನಿಗೆ ಕಳಿಸುತ್ತಿದ್ದವರು ತಮ್ಮ ಹಣ್ಣು ಶುದ್ಧವೆಂದು ಪರೀಕ್ಷೆ ಮಾಡಿಸಿ ತೋರಿಸಬೇಕಿತ್ತು. ಸಾವಯವ ಬೆಳೆಗಾರರ ತೋಟಕ್ಕೆ ಪಕ್ಕದ ತೋಟದ ಪರಾಗ ಬಂದು ಸೇರಿದ ದೂರುಗಳೂ ಕೇಳಿಬಂದವು.

ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ರೂಪಿಸಿದ, ಪ್ಲಮ್ ಪಾಕ್ಸ್ ವೈರಸ್ಸನ್ನು ತಡೆಯುವ ‘ಹನಿಸ್ವೀಟ್’ ಪ್ಲಮ್ ಕೂಡ ಇದೇ ಜಾತಿಯ ಪ್ರಯತ್ನ. ರೋಗಕ್ಕೆ ಬೇರೆ ಮದ್ದಿಲ್ಲ, ತಾಳುವ ತಳಿ ಸಹಜವಾಗಿ ಸಿಗುವುದಿಲ್ಲ ಎಂಬಂಥ ಕಡೆ ಕುಲಾಂತರಿಯ ಪರವಾದ ವಾದಕ್ಕೆ ಹೆಚ್ಚು ಬಲವಿದೆ.

ಬೇಗ ಬೆಳೆಯುವ ಮರ, ಹೆಚ್ಚು ಇಂಗಾಲ

ಬ್ರೆಜಿಲ್ 2015ರ ಏಪ್ರಿಲ್‌ನಲ್ಲಿ ಕುಲಾಂತರಿ ನೀಲಗಿರಿಗೆ ಒಪ್ಪಿಗೆ ಕೊಟ್ಟಿತು. ಕಾಗದದ ತಿರುಳಿಗಾಗಿ ಮರ ಬೆಳೆಸುವ ಸುಜಾನೊ ಕಂಪನಿಯ ಅಂಗಸಂಸ್ಥೆ ಫ್ಯೂಚರಾಜೀನ್ ಇದನ್ನು ರೂಪಿಸಿತು. ಮರದ ಪ್ರಮಾಣ ಶೇ 20ರಷ್ಟು ಹೆಚ್ಚುತ್ತದೆ, ಏಳು ವರ್ಷಕ್ಕೆ ಕಡಿಯುವ ಮರವನ್ನು ಐದೂವರೆ ವರ್ಷಕ್ಕೇ ಕಡಿಯಬಹುದು ಎಂಬುದು ಕಂಪನಿಯ ಹೇಳಿಕೆ. ಕಡಿಮೆ ಜಾಗದಲ್ಲಿ ಹೆಚ್ಚು ಮರ ಸಿಕ್ಕರೆ ಸಹಜ ಕಾಡಿನ ಮೇಲಿನ ಒತ್ತಡ ತಗ್ಗುತ್ತದೆ ಎಂಬ ವಾದ ಇದರ ಜೊತೆಗೇ ಬರುತ್ತದೆ.

ಒಪ್ಪಿಗೆಗೆ ಒಂದು ತಿಂಗಳ ಮೊದಲು ಭೂರಹಿತ ಕಾರ್ಮಿಕರ ಚಳವಳಿಯ ನೂರಾರು ಮಹಿಳೆಯರು ಕಂಪನಿಯ ಸಂಶೋಧನಾ ಕೇಂದ್ರಕ್ಕೆ ನುಗ್ಗಿ ಸಸಿಗಳನ್ನು ನಾಶಮಾಡಿದ್ದರು. ಅವರ ಆತಂಕಗಳಲ್ಲಿ ಒಂದು ನೀರು: ಬೇಗ ಬೆಳೆಯುವ ಮರ ಬೇಗ ನೀರು ಹೀರುತ್ತದೆ. ಇನ್ನೊಂದು ಜೇನು. ಬ್ರೆಜಿಲ್‌ನ ಜೇನುಕೃಷಿಕರಿಗೆ ನೀಲಗಿರಿ ಹೂವು ದೊಡ್ಡ ಆಸರೆ. ಕುಲಾಂತರಿ ಪರಾಗ ಸೇರಿದ ಜೇನನ್ನು ಸಾವಯವ ಎಂದು ಹೊರದೇಶಕ್ಕೆ ಮಾರುವುದು ಕಷ್ಟ.

ನೀಲಗಿರಿಯ ವಿಷಯದಲ್ಲಿ ಕರ್ನಾಟಕಕ್ಕೆ ತನ್ನದೇ ಅನುಭವವಿದೆ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಬಯಲುಗಳಲ್ಲಿ ಸಾಮಾಜಿಕ ಅರಣ್ಯದ ಕಾಲದಿಂದ ಹಬ್ಬಿದ ನೀಲಗಿರಿ ತೋಪುಗಳ ಬಗ್ಗೆ ಅಂತರ್ಜಲದ ದೂರು ದಶಕಗಳಿಂದ ಇತ್ತು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆ ಮರಗಳಲ್ಲಿ ಯಾವುದೂ ಕುಲಾಂತರಿಯಾಗಿರಲಿಲ್ಲ. ಒಂದೇ ಜಾತಿಯ ಬೇಗ ಬೆಳೆಯುವ ಮರವನ್ನು ಎಕರೆಗಟ್ಟಲೆ ನೆಡುವ ಪದ್ಧತಿಯೇ ಅಲ್ಲಿನ ದೊಡ್ಡ ಪ್ರಶ್ನೆ. ಕುಲಾಂತರಿ ತಂತ್ರಜ್ಞಾನ ಆ ಪದ್ಧತಿಯನ್ನು ಸೃಷ್ಟಿಸುವುದಿಲ್ಲ, ಆದರೆ ಅದಕ್ಕೆ ಇನ್ನಷ್ಟು ವೇಗ ಕೊಡಬಲ್ಲದು.

ಇಂಗಾಲದ ಲೆಕ್ಕ ಇನ್ನೂ ಹೊಸದು. ಎಲೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಕಿಣ್ವ ಆಗಾಗ ತಪ್ಪಿ ಆಮ್ಲಜನಕವನ್ನು ಹಿಡಿಯುತ್ತದೆ. ಆ ತಪ್ಪನ್ನು ಸರಿಪಡಿಸಲು ಗಿಡ ಶಕ್ತಿ ವ್ಯಯಿಸಬೇಕು, ಹಿಡಿದ ಇಂಗಾಲದಲ್ಲೂ ಒಂದಿಷ್ಟು ಸೋರಿಹೋಗುತ್ತದೆ. ಅಮೆರಿಕದ ಲಿವಿಂಗ್ ಕಾರ್ಬನ್ ಎಂಬ ಕಂಪನಿ ಈ ಸೋರಿಕೆಯನ್ನು ತಗ್ಗಿಸುವ ವಂಶವಾಹಿಗಳನ್ನು ಪಾಪ್ಲರ್ ಮರಕ್ಕೆ ಸೇರಿಸಿ, 2023ರ ಫೆಬ್ರವರಿಯಲ್ಲಿ ಜಾರ್ಜಿಯಾ ರಾಜ್ಯದ ವಿಡಾಲಿಯಾ ಬಳಿ ನೆಟ್ಟಿತು. ಹಸಿರುಮನೆಯಲ್ಲಿ ಐದು ತಿಂಗಳು ಬೆಳೆಸಿದ ಸಸಿಗಳಲ್ಲಿ ಶೇ 53ರವರೆಗೆ ಹೆಚ್ಚು ತೂಕ ಕಂಡಿತು ಎಂದು ಕಂಪನಿ ಹೇಳಿತ್ತು. ಹಸಿರುಮನೆಯಲ್ಲಿ ನೀರಿಗೆ, ಗೊಬ್ಬರಕ್ಕೆ ಬರವಿಲ್ಲ. ಬಯಲಿನ ಮರಕ್ಕೆ ಅವೆರಡೂ ಮಿತಿ ಹಾಕುತ್ತವೆ. ಜೊತೆಗೆ ಮರ ಸತ್ತು ಕೊಳೆತಾಗಲೋ ಸುಟ್ಟಾಗಲೋ ಅದು ಹಿಡಿದ ಇಂಗಾಲ ಮತ್ತೆ ಗಾಳಿಗೇ ಸೇರುತ್ತದೆ. ಐದು ತಿಂಗಳ ಸಸಿಯ ತೂಕದ ಮೇಲೆ ಐವತ್ತು ವರ್ಷದ ಇಂಗಾಲದ ಲೆಕ್ಕ ಬರೆಯುವುದು ಅವಸರದ ಕೆಲಸ.

ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶವನ್ನು ತಗ್ಗಿಸುವ ಪ್ರಯತ್ನವೂ ಹಳೆಯದು. ಕಾಗದ ತಯಾರಿಸುವಾಗ ಲಿಗ್ನಿನ್ ತೆಗೆಯಲು ಬಹಳಷ್ಟು ರಾಸಾಯನಿಕ, ಶಾಖ ಬೇಕು. ಅದು ಕಡಿಮೆಯಿದ್ದರೆ ಮಾಲಿನ್ಯವೂ ಕಡಿಮೆ. ಆದರೆ ಬೆಲ್ಜಿಯಂ ಮತ್ತು ಫ್ರಾನ್ಸಿನ ಬಯಲು ಪ್ರಯೋಗಗಳಲ್ಲಿ ಲಿಗ್ನಿನ್ ತಗ್ಗಿಸಿದ ಕೆಲವು ಪಾಪ್ಲರ್ ಮರಗಳ ಬೆಳವಣಿಗೆಯೇ ಕುಗ್ಗಿತು. ಮರ ಲಿಗ್ನಿನ್ ಇಟ್ಟುಕೊಂಡಿರುವುದು ನೆಟ್ಟಗೆ ನಿಂತು ತುದಿಯವರೆಗೆ ನೀರೇರಿಸಲು ತಾನೇ.

ಕೀಟ ಕೊಲ್ಲುವ ಮರ

ಚೀನಾ 2002ರಲ್ಲಿ ಬಿಟಿ ಪಾಪ್ಲರ್ ನೆಡಲು ವಾಣಿಜ್ಯ ಒಪ್ಪಿಗೆ ನೀಡಿತು. ಎಲೆ ತಿನ್ನುವ ಹುಳುಗಳಿಂದ ಉತ್ತರ ಚೀನಾದ ಪಾಪ್ಲರ್ ತೋಪುಗಳು ಬೋಳಾಗುತ್ತಿದ್ದವು. ಬಿಟಿ ಹತ್ತಿಯಲ್ಲಿರುವಂಥದ್ದೇ, ಹುಳುವಿಗೆ ವಿಷವಾಗುವ ಪ್ರೋಟೀನನ್ನು ಗಿಡದೊಳಗೇ ತಯಾರಿಸುವ ವಂಶವಾಹಿಯನ್ನು ಸೇರಿಸಿದ ಮೇಲೆ ಹುಳುವಿನ ಹಾವಳಿ ಇಳಿಯಿತು, ಔಷಧ ಸಿಂಪಡಣೆಯೂ ತಗ್ಗಿತು. ಎತ್ತರದ ಮರಗಳಿಗೆ ವಿಷ ಸಿಂಪಡಿಸುವಾಗ ಅದು ಗಾಳಿಯಲ್ಲಿ ಎಲ್ಲೆಲ್ಲಿಗೋ ಹೋಗುತ್ತದೆ ಎಂಬುದನ್ನು ನೆನೆದರೆ ಇದು ಸಣ್ಣ ಲಾಭವಲ್ಲ.

ತೊಡಕು ಏನೆಂಬುದನ್ನು ಹತ್ತಿ ಬೆಳೆಯುವವರು ಯಾರಾದರೂ ಹೇಳುತ್ತಾರೆ. ಭಾರತಕ್ಕೆ ಬಿಟಿ ಹತ್ತಿ ಬಂದದ್ದು 2002ರಲ್ಲಿ, ಎರಡು ವಂಶವಾಹಿಗಳ ತಳಿ 2006ರಲ್ಲಿ. ಮುಂದಿನ ದಶಕದ ನಡುವೆಯೇ ಗುಲಾಬಿ ಕಾಯಿಕೊರಕ ಹುಳು ಎರಡನ್ನೂ ತಾಳಿಕೊಳ್ಳಲು ಕಲಿತಿತ್ತು. ಹತ್ತಿಯನ್ನಾದರೂ ವರ್ಷಕ್ಕೊಮ್ಮೆ ಕೀಳುತ್ತೇವೆ. ಇಪ್ಪತ್ತು ವರ್ಷ ನಿಲ್ಲುವ ಮರದಲ್ಲಿ ಕೀಟದ ಹತ್ತಾರು ತಲೆಮಾರುಗಳು ಅದೇ ವಿಷವನ್ನು ತಿನ್ನುತ್ತಾ ಬದುಕುತ್ತವೆ. ವಿಷವನ್ನು ತಾಳುವ ಒಂದು ಹುಳು ಹುಟ್ಟಿದರೂ ಅದರ ಸಂತತಿಗೆ ಇಡೀ ತೋಪು ಸಿಗುತ್ತದೆ. ವಿಷ ತಾಳದ ಹುಳುಗಳೂ ಉಳಿದು ತಾಳುವ ಹುಳುಗಳ ಜೊತೆ ಕೂಡಲೆಂದು, ಬಿಟಿ ಇಲ್ಲದ ಮರಗಳನ್ನು ನಡುನಡುವೆ ನೆಡುವುದು ಇದಕ್ಕೆ ಪರಿಹಾರವೆನ್ನುತ್ತಾರೆ. ಹತ್ತಿಯಲ್ಲಿ ಆ ಶಿಸ್ತನ್ನು ಪಾಲಿಸಿದವರು ಕಡಿಮೆ.

ಪಾಪ್ಲರ್ ಕಡ್ಡಿ ಮುರಿದು ಊರಿದರೆ ಬೇರುಬಿಡುವ ಮರ. ಯಾರ ತೋಪಿನ ಕಡ್ಡಿ ಯಾರ ಬದುವಿಗೆ ಹೋಯಿತು ಎಂದು ಗುರುತಿಡುವುದು ಸುಲಭವಲ್ಲ.

ಹೂವೇ ಬಿಡದಂತೆ ಮಾಡಿದರೆ?

ಪರಾಗ ಹರಡುವ ಭಯವಿದ್ದರೆ ಹೂವನ್ನೇ ತಡೆಯೋಣ ಎಂಬುದು ಸಹಜವಾಗಿ ಹೊಳೆಯುವ ಉಪಾಯ. ಅಮೆರಿಕದ ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದ ಸ್ಟೀವ್ ಸ್ಟ್ರಾಸ್ ಮತ್ತು ಅವರ ಸಹೋದ್ಯೋಗಿಗಳು ಹೂವಿನ ರಚನೆಗೆ ಬೇಕಾದ ‘ಲೀಫಿ’ ಎಂಬ ವಂಶವಾಹಿಯನ್ನು ಪಾಪ್ಲರ್ ಮತ್ತು ನೀಲಗಿರಿಯಲ್ಲಿ ನಿಷ್ಕ್ರಿಯಗೊಳಿಸಿ, ಮರ ಚೆನ್ನಾಗಿ ಬೆಳೆದರೂ ಫಲಿಸುವ ಹೂವು ಬಿಡದಂತೆ ಮಾಡಬಹುದು ಎಂದು ತೋರಿಸಿದ್ದಾರೆ. ಕಾಗದಕ್ಕೋ ಸೌದೆಗೋ ಕಡಿಯುವ ಮರಕ್ಕೆ ಇದು ಉಪಯುಕ್ತ.

ಆದರೆ ಹೂವಿಲ್ಲದ ತೋಪಿನಲ್ಲಿ ಜೇನಿಗೆ ಮಕರಂದವಿಲ್ಲ, ಹಕ್ಕಿಗೆ ಕಾಯಿಯಿಲ್ಲ. ಚೆಸ್ಟ್‌ನಟ್‌ನಂಥ ಮರಕ್ಕಂತೂ ಈ ಉಪಾಯ ಹೊಂದುವುದೇ ಇಲ್ಲ, ಏಕೆಂದರೆ ಅಲ್ಲಿ ಬೇಕಿರುವುದೇ ಕಾಡಿನಲ್ಲಿ ತಾನಾಗಿ ಹರಡುವ ಮರ. ಹರಡಬೇಕು ಎಂದು ಬಿಡುವ ಮರ, ಹರಡಬಾರದು ಎಂದು ಬೆಳೆಸುವ ಮರ ಎರಡಕ್ಕೂ ಒಂದೇ ನಿಯಮ ಮಾಡಲು ಬರುವುದಿಲ್ಲ. ಹರಡುವ ಮರದ ಬೀಜಕ್ಕೆ ಗಡಿಯ ಅರಿವೂ ಇಲ್ಲ. ಪಕ್ಕದ ಜಮೀನಿನವರು, ಪಕ್ಕದ ಸಮುದಾಯ ಒಪ್ಪದಿದ್ದರೂ ಅದು ಅಲ್ಲಿ ಮೊಳೆಯುತ್ತದೆ.

ಮತ್ತೆ ಭಾರತ: ರಬ್ಬರಿಗೂ ಗಂಧಕ್ಕೂ ಇರುವ ಅಂತರ

ಅಸ್ಸಾಂನ ರಬ್ಬರ್ ಸಸಿಗಳನ್ನು ರೂಪಿಸಿದ್ದು ಕೇರಳದ ಕೋಟ್ಟಯಂ ಬಳಿಯ ಪುದುಪ್ಪಳ್ಳಿಯಲ್ಲಿರುವ ಭಾರತೀಯ ರಬ್ಬರ್ ಸಂಶೋಧನಾ ಸಂಸ್ಥೆ. ನಮ್ಮ ಬೆಳೆಗಾರರ ತೋಟಗಳಲ್ಲಿ ಎಲ್ಲೆಲ್ಲೂ ಕಾಣುವ 105 ತಳಿಯನ್ನು ಕೊಟ್ಟ ಸಂಸ್ಥೆಯೇ. ಅಮೆಜಾನ್ ಮೂಲದ ರಬ್ಬರ್ ಮರಕ್ಕೆ ಬೆಚ್ಚಗಿನ, ತೇವದ ಹವೆ ಬೇಕು. ಈಶಾನ್ಯ ರಾಜ್ಯಗಳ ಚಳಿಗಾಲದಲ್ಲಿ ಎಳೆ ಸಸಿಗಳ ಬೆಳವಣಿಗೆ ನಿಂತುಬಿಡುತ್ತದೆ, ಟ್ಯಾಪಿಂಗ್ (ತೊಗಟೆ ಕೊರೆದು ರಬ್ಬರ್ ಹಾಲು ಇಳಿಸುವುದು) ಆರಂಭಿಸಲು ಹೆಚ್ಚು ವರ್ಷ ಕಾಯಬೇಕಾಗುತ್ತದೆ. ಚಳಿ, ಬರಗಳಿಂದ ಜೀವಕೋಶಕ್ಕಾಗುವ ಹಾನಿಯನ್ನು ತಡೆಯುವ ಕಿಣ್ವವೊಂದರ ವಂಶವಾಹಿಯನ್ನು ರಬ್ಬರ್ ಗಿಡದಿಂದಲೇ ತೆಗೆದು, ಅದರ ಹೆಚ್ಚುವರಿ ಪ್ರತಿಗಳನ್ನು ಮತ್ತೆ ರಬ್ಬರಿಗೇ ಸೇರಿಸಿದ್ದಾರೆ. ಮೊದಲು ಕೇರಳದಲ್ಲೇ ಪ್ರಯೋಗ ನಡೆಸುವ ಯೋಚನೆಯಿತ್ತು. ಅಲ್ಲಿನ ಸರ್ಕಾರ ಒಪ್ಪಲಿಲ್ಲ.

ಈ ಮರದಲ್ಲಿ ಅಪಾಯದ ಲೆಕ್ಕ ಕೊಂಚ ಹಗುರ. ಭಾರತದ ಕಾಡುಗಳಲ್ಲಿ ರಬ್ಬರ್ ಮರದ ಹತ್ತಿರದ ನಂಟರಿಲ್ಲ, ಆದ್ದರಿಂದ ಪರಾಗ ಹೋಗಿ ಸೇರಲು ಕಾಡುಮರಗಳಿಲ್ಲ. ಅದರ ಹಣ್ಣನ್ನು, ಎಲೆಯನ್ನು ನಾವು ತಿನ್ನುವುದಿಲ್ಲ. ತೋಟಗಳು ಬೀಜದಿಂದಲ್ಲ, ಕಣ್ಣುಕಸಿಯಿಂದ ಏಳುತ್ತವೆ. ಆದರೂ ಚಳಿಗೆ ತಾಳುವ ರಬ್ಬರ್ ಬಂದರೆ ಈಶಾನ್ಯದ ಗುಡ್ಡಗಳಲ್ಲಿ ಸಹಜ ಕಾಡಿನ ಜಾಗಕ್ಕೆ ರಬ್ಬರ್ ನುಗ್ಗುವುದೇ ಎಂಬ ಪ್ರಶ್ನೆ ಉಳಿಯುತ್ತದೆ. ಅದನ್ನು ಪ್ರಯೋಗಾಲಯ ಉತ್ತರಿಸಲಾರದು.

ಇದೇ ಪ್ರಶ್ನೆಗಳನ್ನು ಗಂಧದ ಮರಕ್ಕೆ ಕೇಳಿ ನೋಡೋಣ. 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ, ಎಲೆಗಳು ಕಿರಿದಾಗುತ್ತಾ ಬಂದು ಗಂಧದ ಮರ ಸಾಯುವ ಸ್ಪೈಕ್ ರೋಗಕ್ಕೆ ಇಂದಿಗೂ ಮದ್ದಿಲ್ಲ. ಆ ಮಟ್ಟಿಗೆ ಅದರ ಕಥೆ ಚೆಸ್ಟ್‌ನಟ್‌ನ ಕಥೆಯನ್ನೇ ಹೋಲುತ್ತದೆ. ಆದರೆ ಗಂಧ ಇಲ್ಲಿನದೇ ಮರ. ಕೀಟಗಳು ಅದರ ಪರಾಗ ಹೊರುತ್ತವೆ, ಹಕ್ಕಿಗಳು ಹಣ್ಣು ತಿಂದು ಬೀಜ ಚೆಲ್ಲುತ್ತವೆ. ಎಂದಾದರೂ ಕುಲಾಂತರಿ ಗಂಧ ಬಂದರೆ ಅದು ಕಾಡುಗಂಧದ ಜೊತೆ ಬೆರೆಯುವುದು ಖಚಿತ. ರಬ್ಬರಿಗೆ ಕೊಟ್ಟ ರಿಯಾಯಿತಿಯನ್ನು ಅದಕ್ಕೆ ಕೊಡಲಾಗದು.

ಯಾರ ಒಪ್ಪಿಗೆ ಬೇಕು?

ಅಮೆರಿಕದಲ್ಲಿ ಲಿವಿಂಗ್ ಕಾರ್ಬನ್‌ನ ಪಾಪ್ಲರ್‌ಗೆ ವಿಸ್ತೃತ ಪರಿಶೀಲನೆ ಬೇಕಾಗಲಿಲ್ಲ, ಏಕೆಂದರೆ ಅಲ್ಲಿನ ಹಳೆಯ ನಿಯಮ ಗಮನಿಸುತ್ತಿದ್ದುದು ಸಸ್ಯರೋಗಕಾರಕ ಜೀವಿಗಳನ್ನು ಬಳಸಿದ ಗಿಡಗಳನ್ನು. ಕಂಪನಿ ಬ್ಯಾಕ್ಟೀರಿಯಾದ ಬದಲು ಲೋಹದ ಕಣಗಳ ದಾರಿ ಹಿಡಿದಿತ್ತು. ಮರ ಏನು ಮಾಡುತ್ತದೆ ಎನ್ನುವುದಕ್ಕಿಂತ ಹೇಗೆ ತಯಾರಾಯಿತು ಎನ್ನುವುದನ್ನೇ ಅಳೆದರೆ ಇಂಥ ಕಂಡಿಗಳು ಉಳಿಯುತ್ತವೆ. 2008ರಲ್ಲಿ ಜರ್ಮನಿಯ ಬಾನ್‌ನಲ್ಲಿ ಸೇರಿದ್ದ ಜೀವವೈವಿಧ್ಯ ಒಪ್ಪಂದದ ದೇಶಗಳು ಕುಲಾಂತರಿ ಮರಗಳ ವಿಷಯದಲ್ಲಿ ಮುನ್ನೆಚ್ಚರಿಕೆ ವಹಿಸಬೇಕೆಂದು ನಿರ್ಣಯಿಸಿದವು. ಮರದ ಉತ್ಪನ್ನಗಳಿಗೆ ಪ್ರಮಾಣಪತ್ರ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಸ್‌ಸಿ, ತನ್ನ ಮುದ್ರೆ ಪಡೆದ ಕಾಡು ಮತ್ತು ನೆಡುತೋಪುಗಳಲ್ಲಿ ಇವುಗಳ ವಾಣಿಜ್ಯ ಬಳಕೆಯನ್ನು ಒಪ್ಪುವುದಿಲ್ಲ.

ಭಾರತದಲ್ಲಿ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ನಿಯಮಗಳು ಇದಕ್ಕೆ ಅನ್ವಯಿಸುತ್ತವೆ. ಕೇಂದ್ರ ಪರಿಸರ ಸಚಿವಾಲಯದಡಿ ಇರುವ ಜಿಇಎಸಿ ಎಂಬ ಸಮಿತಿಯ ಒಪ್ಪಿಗೆಯಿಲ್ಲದೆ ಕುಲಾಂತರಿ ಮರವನ್ನು ಬಯಲಿನಲ್ಲಿ ನೆಡುವಂತಿಲ್ಲ, ಮಾರುವಂತಿಲ್ಲ. ಬಯಲು ಪ್ರಯೋಗಕ್ಕೆ ಆಯಾ ರಾಜ್ಯ ಸರ್ಕಾರದ ಒಪ್ಪಿಗೆಯೂ ಬೇಕು. 2022ರಲ್ಲಿ ಒಂದು ಸಡಿಲಿಕೆ ಬಂತು: ಹೊರಗಿನ ವಂಶವಾಹಿ ಸೇರಿಸದೆ, ಗಿಡದಲ್ಲಿ ಇರುವುದನ್ನೇ ತಿದ್ದುವ ಜೀನೋಮ್ ಎಡಿಟಿಂಗ್ ಗಿಡಗಳಿಗೆ ಈ ನಿಯಮಗಳ ಹಲವು ಹಂತಗಳಿಂದ ವಿನಾಯಿತಿ ಸಿಕ್ಕಿತು. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯ ವಿಶ್ವವಿದ್ಯಾಲಯದವರು 2023ರಲ್ಲಿ ಇದೇ ತಂತ್ರದಿಂದ ಕಡಿಮೆ ಲಿಗ್ನಿನ್ ಇರುವ ಪಾಪ್ಲರ್ ಸಸಿಗಳನ್ನು ಬೆಳೆಸಿದ್ದಾರೆ. ಮರಗಳಲ್ಲಿ ಮುಂದಿನ ಬೆಳವಣಿಗೆಗಳು ಹೆಚ್ಚಾಗಿ ಈ ದಾರಿಯಲ್ಲೇ ಬರುವ ಸಾಧ್ಯತೆಯಿದೆ, ಆದ್ದರಿಂದ ಈ ವಿನಾಯಿತಿ ಮರಗಳಿಗೂ ಹಾಗೆಯೇ ಸಾಕೇ ಎಂಬುದನ್ನು ಪ್ರತ್ಯೇಕವಾಗಿ ಚರ್ಚಿಸಬೇಕಿದೆ.

ಸದ್ಯಕ್ಕೆ ನಮ್ಮ ನರ್ಸರಿಗಳಲ್ಲಿ ‘ಹೈಬ್ರಿಡ್’, ‘ಟಿಶ್ಯೂ ಕಲ್ಚರ್’, ‘ಕ್ಲೋನ್’ ಎಂಬ ಹೆಸರಿನಲ್ಲಿ ಸಿಗುವ ತೇಗ, ಹೆಬ್ಬೇವು, ನೀಲಗಿರಿ, ರಬ್ಬರ್ ಸಸಿಗಳು ಕುಲಾಂತರಿಗಳಲ್ಲ. ಯಾರಾದರೂ ಕುಲಾಂತರಿ ಮರದ ಸಸಿ ಎಂದು ಹೇಳಿಯೇ ಮಾರಲು ಬಂದರೆ ಜಿಇಎಸಿ ಒಪ್ಪಿಗೆಯ ಪ್ರತಿ ಕೇಳಬೇಕು. ಇಲ್ಲಿಯವರೆಗೆ ಭಾರತದಲ್ಲಿ ವಾಣಿಜ್ಯ ಕೃಷಿಗೆ ಒಪ್ಪಿಗೆ ಪಡೆದು ರೈತರ ಹೊಲದಲ್ಲಿರುವ ಕುಲಾಂತರಿ ಬೆಳೆ ಹತ್ತಿ ಒಂದೇ.